ಗುಜರಾತಿ ಗಲ್ಲಿಯ ಸಾಮಾನು, ಆಕಾಶದ ಉಪಗ್ರಹ ಮತ್ತು ನಮ್ಮ ಮಕ್ಕಳು

ಮೊನ್ನೆ ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಹುಡುಗ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಬಂದ. ಒಂಬತ್ತನೇ ಕ್ಲಾಸು. ಬೀದರಿನ ಕಡೆಯವರು, ದಿಲ್‌ಸುಖ್‌ನಗರಕ್ಕೆ ಬಂದು ಆರು ವರ್ಷ ಆಗಿರಬಹುದು. "ಅಂಕಲ್, ಇದಕ್ಕೆ ಏಳು ಸಾವಿರ ಕಟ್ಟಬೇಕಂತ. ಪಪ್ಪಾ ನಿಮ್ಮನ್ನ ಒಂದ್ಸಲ ಕೇಳಿ ಬಾ ಅಂದ್ರು" ಅಂದ. ದುಡ್ಡಿನ ವಿಷಯ ಅಂದರೆ ಈ ಬಿಲ್ಡಿಂಗಿನಲ್ಲಿ ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸವೆದಿದ್ದಕ್ಕೆ ಸಿಕ್ಕ ಮರ್ಯಾದೆ ಅದೊಂದೇ.

ಕಾಗದ ಓದಿದೆ. ಅವನ ಶಾಲೆಯಲ್ಲಿ ಮಕ್ಕಳಿಂದ "ಉಪಗ್ರಹ" ಮಾಡಿಸುತ್ತಾರಂತೆ. ಒಂದು ಶನಿವಾರ ಎರಡು ಗಂಟೆಯ ತರಬೇತಿ. ಮೊದಲೇ ತಯಾರಾದ ಬೋರ್ಡುಗಳನ್ನು ಮಕ್ಕಳು ಜೋಡಿಸಬೇಕು, ನಾಲ್ಕು ಸ್ಕ್ರೂ ಬಿಗಿಯಬೇಕು. ಆಮೇಲೆ ಫೋಟೋ, ಸರ್ಟಿಫಿಕೇಟು. ಅದು ಎಲ್ಲಿಗೆ ಹಾರುತ್ತದೆ, ಯಾವಾಗ ಹಾರುತ್ತದೆ, ಹಾರಿದ ಮೇಲೆ ಅದರ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ, ಇದ್ಯಾವುದೂ ಕಾಗದದಲ್ಲಿ ಇಲ್ಲ.

"ಅದು ಕೆಲಸ ಮಾಡದೇ ಹೋದ್ರೆ?" ಅಂತ ಕೇಳಿದೆ.

"ಇಲ್ಲ ಅಂಕಲ್, ಗ್ಯಾರಂಟಿ ಅಂತ ಸಾರ್ ಹೇಳಿದ್ದಾರೆ."

ಗ್ಯಾರಂಟಿ! ಈ ಪದ ಕೇಳಿದರೆ ನನಗೆ ಹೊಟ್ಟೆ ತೊಳಸಿದಂತಾಗುತ್ತದೆ. ಜಾಮೀನು ಹಾಕಿದವರು ಕಂತು ತಪ್ಪಿದ ದಿನ ಎಲ್ಲಿರುತ್ತಾರೆ ಅಂತ ನನ್ನನ್ನು ಕೇಳಿ, ಹೇಳುತ್ತೇನೆ.

ಇದು ಬೆಳಿಗ್ಗೆಯ ಕಥೆ. ಸಂಜೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ನಮ್ಮ ಕಡೆಯ ಒಬ್ಬ ಹಿರಿಯರು ಸಿಕ್ಕರು. ಮಾತಿಗೆ ಮಾತು ಬಂದು ಈ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು. "ಅಲ್ರೀ ಸಾಹೇಬ್ರ, ಕೋಠಿ ಗುಜರಾತಿ ಗಲ್ಲ್ಯಾಗ ಕೇಜಿ ಲೆಕ್ಕದಾಗ ಸಿಗೋ ಸಾಮಾನು ತಂದು ಉಪಗ್ರಹ ಮಾಡ್ತಾರಂದ್ರ ಏನ್ರೀ ಅದು? ಆಟಗಿ ಸಾಮಾನು. ಅದೆಲ್ಲಾ ಇಸ್ರೋದವ್ರ ಕೆಲಸ. ನಮ್ಮ ಹುಡುಗ್ರು ಓದ್ಲಿ ಮೊದ್ಲ."

ಒಬ್ಬರು ಗ್ಯಾರಂಟಿ ಮಾರುತ್ತಾರೆ, ಇನ್ನೊಬ್ಬರು ಆಟಿಕೆ ಅನ್ನುತ್ತಾರೆ. ಮೇಲ್ನೋಟಕ್ಕೆ ಇಬ್ಬರೂ ಬೇರೆ ಬೇರೆ. ಆದರೆ ಮನೆಗೆ ಬರುವ ಮೆಟ್ರೋದಲ್ಲಿ ಯೋಚಿಸುತ್ತಾ ಬಂದೆ, ಇಬ್ಬರದೂ ಒಂದೇ ತಪ್ಪು. ಅಗ್ಗದ ಉಪಗ್ರಹ ಯಾತಕ್ಕೆ ಹುಟ್ಟಿತು ಅನ್ನೋದು ಇಬ್ಬರಿಗೂ ಬೇಕಿಲ್ಲ. ಇಬ್ಬರೊಂದಿಗೂ ನನ್ನ ಜಗಳ ಇದೆ. ಮೂರನೆಯವನೊಬ್ಬನ ಜೊತೆಗೂ ಇದೆ, ಅವನ ವಿಷಯ ಆಮೇಲೆ ಹೇಳುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿಕಾಂ. ವಿಜ್ಞಾನದ ಓದು ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೆ ಮನೆಯಲ್ಲಿ ಒಬ್ಬ ಹುಡುಗ ಇದ್ದ, ಅವನಿಂದಾಗಿ ಒಂದಿಷ್ಟು ಓದಿಕೊಂಡೆ.

1999ರಲ್ಲಿ ಅಮೆರಿಕದ ಇಬ್ಬರು ಮೇಷ್ಟ್ರುಗಳು, ಕ್ಯಾಲ್ ಪಾಲಿಯ ಹೋರ್ಡಿ ಪ್ವಿಗ್ ಸ್ವಾರಿ ಮತ್ತು ಸ್ಟಾನ್‌ಫರ್ಡಿನ ಬಾಬ್ ಟ್ವಿಗ್ಸ್, ಒಂದು ಅಳತೆ ಗೊತ್ತು ಮಾಡಿದರು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರ, ತೂಕ ಸುಮಾರು ಒಂದು ಕೇಜಿ. ಕ್ಯೂಬ್‌ಸ್ಯಾಟ್ ಅಂದರೆ ಇದು. ಯಾಕೆ ಗೊತ್ತೇ? ವಿದ್ಯಾರ್ಥಿ ಕಾಲೇಜಿನಲ್ಲಿ ಇರುವಷ್ಟರೊಳಗೆ ಒಂದು ಉಪಗ್ರಹವನ್ನು ತಾನೇ ಯೋಚಿಸಿ, ಕಟ್ಟಿ, ಹಾರಿಸಿ, ಅದು ಕೆಟ್ಟರೆ ಯಾಕೆ ಕೆಟ್ಟಿತು ಅಂತ ನೋಡಿ ಹೊರಗೆ ಹೋಗಬೇಕು ಅಂತ. ದೊಡ್ಡ ಉಪಗ್ರಹಕ್ಕೆ ಹತ್ತು ವರ್ಷ ಬೇಕು, ಅಷ್ಟರಲ್ಲಿ ಹುಡುಗನಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ! ಈ ಅಳತೆಯ ಮೊದಲ ಉಪಗ್ರಹಗಳು 2003ರ ಜೂನ್ 30ರಂದು ರಷ್ಯಾದಿಂದ ಹಾರಿದವು.

ಈ ಅಳತೆಯಲ್ಲಿ ಇನ್ನೊಂದು ಜಾಣತನವಿದೆ. ನಮ್ಮ ಲಾಕರ್ ಇದ್ದ ಹಾಗೆ ಒಂದು ಗಟ್ಟಿ ಡಬ್ಬಿಯೊಳಗೆ ಇವನ್ನು ಹಾಕಿ ರಾಕೆಟ್ಟಿಗೆ ಬಿಗಿಯುತ್ತಾರೆ. ಮೇಲೆ ಹೋದ ಮೇಲೆ ಬಾಗಿಲು ತೆಗೆದು ಸ್ಪ್ರಿಂಗು ಹೊರಕ್ಕೆ ತಳ್ಳುತ್ತದೆ. ಅಲ್ಲಿಯತನಕ ಒಳಗಿನದು ಸ್ವಿಚ್ ಆಫ್. ಒಳಗೆ ಹುಡುಗರು ಏನೇ ಎಡವಟ್ಟು ಮಾಡಿದ್ದರೂ ಜೊತೆಗೆ ಹೋಗುವ ಕೋಟ್ಯಂತರ ರೂಪಾಯಿಯ ದೊಡ್ಡ ಉಪಗ್ರಹಕ್ಕೆ ಅಪಾಯ ಕಡಿಮೆ. ಹುಡುಗರ ತಪ್ಪಿಗೆ ಒಂದು ಬೇಲಿ ಹಾಕಿ, ಬೇಲಿಯ ಒಳಗೆ ಏನು ಬೇಕಾದರೂ ಮಾಡಿ ಅಂದ ಹಾಗೆ.

ಒಳಗೆ ಏನಿರುತ್ತದೆ? ಅಂಗಡಿಯಲ್ಲಿ ಸಿಗುವ ಚಿಪ್ಪು, ಅಂಗಡಿಯಲ್ಲಿ ಸಿಗುವ ಬ್ಯಾಟರಿ. ಎಷ್ಟೋ ಉಪಗ್ರಹಗಳ ಆಂಟೆನಾ ಯಾವುದು ಗೊತ್ತಾ? ಬಡಗಿ ಜೇಬಿನಲ್ಲಿ ಇಟ್ಟುಕೊಳ್ಳುವ ಸ್ಟೀಲ್ ಟೇಪು! ಅದನ್ನು ಕತ್ತರಿಸಿ, ಮಡಚಿ, ಗಾಳಕ್ಕೆ ಬಳಸುವ ನೈಲಾನ್ ದಾರದಿಂದ ಕಟ್ಟಿರುತ್ತಾರೆ. ಮೇಲೆ ಹೋದ ಮೇಲೆ ಒಂದು ತಂತಿ ಕಾದು ದಾರ ಸುಡುತ್ತದೆ, ಟೇಪು ಚಟ್ ಅಂತ ಬಿಚ್ಚಿಕೊಳ್ಳುತ್ತದೆ. 2013ರ ಫೆಬ್ರವರಿ 25ರಂದು ನಮ್ಮ ಶ್ರೀಹರಿಕೋಟದಿಂದಲೇ ಪಿಎಸ್‌ಎಲ್‌ವಿ ಸಿ20 ರಾಕೆಟ್ಟಿನಲ್ಲಿ ಇಂಗ್ಲೆಂಡಿನ ಸ್ಟ್ರಾಂಡ್-1 ಹೋಯಿತು. ಅದರ ಹೊಟ್ಟೆಯಲ್ಲಿ ಇದ್ದದ್ದು ಒಂದು ಮೊಬೈಲ್ ಫೋನು. ಅದೇ ವರ್ಷ ಏಪ್ರಿಲ್‌ನಲ್ಲಿ ನಾಸಾ ಕೂಡ ಫೋನುಗಳನ್ನೇ ಮಿದುಳಾಗಿಸಿ ಮೂರು ಪುಟ್ಟ ಉಪಗ್ರಹ ಹಾರಿಸಿತು. ಅವುಗಳ ಮೊದಲ ಮಾದರಿಯ ಬಿಡಿಭಾಗಕ್ಕೆ ತಗುಲಿದ್ದು ಸುಮಾರು 3,500 ಡಾಲರ್. ಆಟಗಿ ಸಾಮಾನು ಅನ್ನುವ ಹಿರಿಯರು ಇದನ್ನೊಂದಿಷ್ಟು ಗಮನಿಸಬೇಕು.

ಹಾಗಂತ ಮೇಲೆ ಹೋಗುವುದು ಸುಲಭ ಅಲ್ಲ. ಅಲ್ಲಿ ಗಾಳಿ ಇಲ್ಲ, ಕಾದ ಚಿಪ್ಪನ್ನು ಫ್ಯಾನು ಹಾಕಿ ತಣಿಸೋಕೆ ಆಗೋದಿಲ್ಲ. ಒಂದೂವರೆ ಗಂಟೆಗೆ ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಸುಡುವ ಬಿಸಿಲು, ಮತ್ತೆ ಕೊರೆಯುವ ಕತ್ತಲು. ಹತ್ತು ಸೆಂಟಿಮೀಟರ್ ಡಬ್ಬಿಯ ಮೈಮೇಲಿನ ಸೋಲಾರ್ ಹಾಳೆಯಿಂದ ಸಿಗುವ ಕರೆಂಟು ಒಂದೆರಡು ವ್ಯಾಟ್. ನಿಮ್ಮ ದೇವರ ಮನೆಯ ಝೀರೋ ಬಲ್ಬಿಗಿಂತ ಕಡಿಮೆ! ಇದರ ಮೇಲೆ ಬಾಹ್ಯಾಕಾಶದ ಕಣಗಳ ಕಾಟ. ಒಂದು ಕಣ ಬಂದು ಚಿಪ್ಪಿಗೆ ಬಡಿದರೆ ನೆನಪಿನಲ್ಲಿದ್ದ ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ಲೆಡ್ಜರಿನಲ್ಲಿ ಯಾರೋ ರಾತ್ರಿ ಬಂದು ಅಂಕಿ ತಿದ್ದಿ ಹೋದ ಹಾಗೆ.

ದೊಡ್ಡ ಉಪಗ್ರಹಕ್ಕೆ ಈ ಕಾಟ ತಡೆಯುವ ಚಿಪ್ಪನ್ನೇ ವಿಶೇಷವಾಗಿ ಮಾಡಿಸುತ್ತಾರೆ, ಬೆಲೆ ಕೇಳಬೇಡಿ. ಬಡವರ ಉಪಗ್ರಹದ ದಾರಿಯೇ ಬೇರೆ: ತಪ್ಪು ಆಗೇ ಆಗುತ್ತದೆ ಅಂತ ಮೊದಲೇ ಒಪ್ಪಿಕೊಳ್ಳುವುದು. ಒಂದೇ ಲೆಕ್ಕವನ್ನು ಮೂರು ಕಡೆ ಬರೆದಿಟ್ಟು ಎರಡು ತಾಳೆಯಾದದ್ದನ್ನು ನಂಬುವುದು. ನಮ್ಮಲ್ಲಿ ಒಬ್ಬ ಬರೆದ ವೋಚರಿಗೆ ಇನ್ನೊಬ್ಬ ನೋಡಿ ಸಹಿ ಹಾಕುವುದಿಲ್ಲವೇ, ಹಾಗೆ. ಜೊತೆಗೆ ಒಂದು ಕಾವಲು ಗಡಿಯಾರ ಇಡುತ್ತಾರೆ. ಕಂಪ್ಯೂಟರು ಆಗಾಗ ಅದಕ್ಕೆ "ನಾನಿದ್ದೇನೆ" ಅಂತ ಹೇಳುತ್ತಿರಬೇಕು. ಹೇಳದಿದ್ದರೆ ಗಡಿಯಾರ ಅದನ್ನು ಆರಿಸಿ ಮತ್ತೆ ಹಚ್ಚುತ್ತದೆ.

ಬ್ಯಾಂಕಿನಲ್ಲಿ ಇದಕ್ಕೆ ಪ್ರಾವಿಷನ್ ಅನ್ನುತ್ತೇವೆ. ಕೊಟ್ಟ ಸಾಲವೆಲ್ಲ ವಾಪಸ್ ಬರುತ್ತದೆ ಅಂತ ನಂಬಿದ ಬ್ಯಾಂಕು ಉಳಿಯೋದಿಲ್ಲ. ಮುಳುಗುವುದಕ್ಕೆ ಒಂದಿಷ್ಟು ತೆಗೆದಿಟ್ಟ ಬ್ಯಾಂಕು ಉಳಿಯುತ್ತದೆ. ಪ್ಲಾನೆಟ್ ಅನ್ನುವ ಅಮೆರಿಕದ ಕಂಪನಿ 2014ರ ಅಕ್ಟೋಬರಿನಲ್ಲಿ ರಾಕೆಟ್ ಸಿಡಿದು ಒಂದೇ ಏಟಿಗೆ 26 ಪುಟ್ಟ ಉಪಗ್ರಹ ಕಳೆದುಕೊಂಡಿತು. ಬಾಗಿಲು ಹಾಕಿಕೊಂಡು ಅಳುತ್ತಾ ಕೂರಲಿಲ್ಲ. 2017ರ ಫೆಬ್ರವರಿ 15ರಂದು ಇಸ್ರೋ ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹ ಹಾರಿಸಿ ನಾವೆಲ್ಲ ಎದೆ ಉಬ್ಬಿಸಿದೆವಲ್ಲ, ಅದರಲ್ಲಿ 88 ಅವರವು. ಉಪಗ್ರಹ ಅಗ್ಗವಾಗಿರುವುದು ಕಳೆದುಕೊಂಡರೂ ಮತ್ತೆ ಕಟ್ಟೋಕೆ ಆಗಲಿ ಅಂತ. ನಾನು ಹೇಳಬೇಕಾದ ಮಾತು ಇಷ್ಟೇ, ಮಿಕ್ಕಿದ್ದು ವಿವರಣೆ.

ಇದು ಅಮೆರಿಕದವರ ಶೋಕಿ ಅನ್ನಬೇಡಿ. ಹೈದರಾಬಾದಿನ ಕನ್ನಡಿಗರಾದ ನಮಗೆ ಇದು ತೀರಾ ಹತ್ತಿರದ್ದು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಸಿ15ರಲ್ಲಿ 694 ಕೇಜಿಯ ಕಾರ್ಟೊಸ್ಯಾಟ್-2ಬಿ ಜೊತೆ ಒಂದು ಕೇಜಿಗಿಂತ ಕಡಿಮೆ ತೂಕದ ಸ್ಟುಡ್‌ಸ್ಯಾಟ್ ಹೋಯಿತು. ಅದನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದ್ ಕಡೆಯ ಏಳು ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು. ಅಲ್ಲಿಯ ನಿಟ್ಟೆ ಮೀನಾಕ್ಷಿ, ಆರ್‌ವಿ. ಇಲ್ಲಿಯ ಗಂಡಿಪೇಟೆಯ ಚೈತನ್ಯ ಭಾರತಿ. ಅದರ ಮಾತು ಕೇಳುವ ಭೂನಿಲ್ದಾಣ ಯಲಹಂಕದ ಕಾಲೇಜಿನಲ್ಲೇ ಕಟ್ಟಿದರು. ನೀರಿಗೆ, ಗಡಿಗೆ ಜಗಳವಾಡುವ ನಮ್ಮ ಎರಡು ರಾಜ್ಯಗಳ ಮಕ್ಕಳು ಸೇರಿ ಆಕಾಶಕ್ಕೆ ಒಂದು ಡಬ್ಬಿ ಕಳಿಸಿದ್ದರು. ಆಮೇಲೆ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಿಇಎಸ್ ವಿದ್ಯಾರ್ಥಿಗಳ ಪೈಸ್ಯಾಟ್ ಹೋಯಿತು. ಇದೇ ಹೈದರಾಬಾದಿನ ಧ್ರುವ ಸ್ಪೇಸ್ ಕಂಪನಿ 2022ರ ನವೆಂಬರ್ 26ರಂದು ಥೈಬೋಲ್ಟ್ ಅನ್ನುವ ಎರಡು ಪುಟ್ಟ ಉಪಗ್ರಹ ಹಾರಿಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಸಂಜಯ್ ನೆಕ್ಕಂಟಿ, ಕಾಲೇಜಿನಲ್ಲಿದ್ದಾಗ 2011ರ ಎಸ್‌ಆರ್‌ಎಂಸ್ಯಾಟ್ ತಂಡದಲ್ಲಿ ದುಡಿದವರು. ಆಟಗಿ ಸಾಮಾನು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ಇನ್ನೂ ಹಿಂದಕ್ಕೆ ಹೋಗೋಣ. 1990ರ ದಶಕದಲ್ಲಿ ನಾನು ಕ್ಯಾಶ್ ಕೌಂಟರಿನಲ್ಲಿ ಕೂತಾಗ ಎರಡು ರೂಪಾಯಿ ನೋಟಿನ ಕಟ್ಟುಗಳನ್ನು ಎಣಿಸಿ ಎಣಿಸಿ ಬೆರಳು ಸವೆದಿತ್ತು. ಆ ನೋಟಿನ ಹಿಂಬದಿ ನೆನಪಿದೆಯಾ? ಆರ್ಯಭಟ ಉಪಗ್ರಹ. ನಮ್ಮ ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ 360 ಕೇಜಿಯ ಉಪಗ್ರಹ. 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ಟಿನಲ್ಲಿ ಹೋಯಿತು. ನಾಲ್ಕೈದು ದಿನದಲ್ಲೇ ವಿದ್ಯುತ್ ತೊಂದರೆಯಾಗಿ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು!

ಇದನ್ನು ಎರಡು ಸಲ ಓದಿ. ಐದನೇ ದಿನಕ್ಕೆ ಪ್ರಯೋಗ ನಿಂತುಹೋದ ಉಪಗ್ರಹವನ್ನು ಈ ದೇಶ ತನ್ನ ನೋಟಿನ ಮೇಲೆ ಅಚ್ಚು ಹಾಕಿಸಿತು. ಯಾಕೆಂದರೆ ಅದನ್ನು ಕಟ್ಟಿದವರು ಉಪಗ್ರಹ ಕಟ್ಟುವುದನ್ನು ಕಲಿತಿದ್ದರು. ಅವತ್ತು ಯಾರಾದರೂ ಗ್ಯಾರಂಟಿ ಕೇಳಿದ್ದರೆ ಪೀಣ್ಯದ ಶೆಡ್ಡಿಗೆ ಬೀಗ ಬೀಳುತ್ತಿತ್ತು.

ಈಗ ಆ ಮೂರನೆಯವನ ವಿಷಯ. ಅವನು ನಾನೇ.

ಸ್ಟುಡ್‌ಸ್ಯಾಟ್ ಹೋದಾಗ ನನ್ನ ಮಗನಿಗೆ ಹದಿಮೂರು. ಪೇಪರಿನ ಆ ತುಂಡು ಕತ್ತರಿಸಿ ಓದುವ ಮೇಜಿನ ಮೇಲೆ ಅಂಟಿಸಿದ್ದ. ಶನಿವಾರ ಬಂದರೆ ಕೋಠಿಗೆ ಓಟ. ಗುಜರಾತಿ ಗಲ್ಲಿಯಿಂದ ಐಸಿ, ರೆಸಿಸ್ಟರು, ವೈರು ತರುವುದು, ರಾತ್ರಿಯೆಲ್ಲ ಬೆಸುಗೆ ಹಾಕುವುದು. ಮನೆ ತುಂಬ ಸುಟ್ಟ ವಾಸನೆ ಅಂತ ಅವನಮ್ಮನ ಗೊಣಗಾಟ. ರಜೆಗೆ ಬೆಂಗಳೂರಿಗೆ ಹೋದರೆ ಲಾಲ್‌ಬಾಗ್ ಬೇಡ, ಎಸ್‌ಪಿ ರೋಡಿಗೆ ಕರ್ಕೊಂಡು ಹೋಗು ಅನ್ನುತ್ತಿದ್ದ.

2013ರ ಫೆಬ್ರವರಿ 21, ಗುರುವಾರ ಸಂಜೆ. ಏನಾಯಿತು ಅಂತ ದಿಲ್‌ಸುಖ್‌ನಗರದವರಿಗೆ ನಾನು ಹೇಳಬೇಕಿಲ್ಲ. ಸೈಕಲ್ಲಿಗೆ ಕಟ್ಟಿದ್ದ ಎರಡು ಬಾಂಬು. ನಾವು ದಿನವೂ ಬಸ್ಸಿಗೆ ಕಾಯುವ ಜಾಗ. ಮಗ ಹತ್ತನೇ ಕ್ಲಾಸು, ಟ್ಯೂಷನ್ನಿನಿಂದ ಬರುವ ಹೊತ್ತು. ಅವನು ಮನೆ ಮುಟ್ಟುವ ತನಕ ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಬಂದ. ಬ್ಯಾಗು ಕೆಳಗಿಟ್ಟ. ತೆರೆದು ನೋಡಿದೆ, ಒಳಗೆ ಬ್ಯಾಟರಿ, ವೈರು, ಒಂದು ಟೈಮರು ಬೋರ್ಡು. ನನ್ನ ಕೈ ನಡುಗಿತು. ಆ ವಾರ ಈ ಬ್ಯಾಗು ಯಾರ ಕಣ್ಣಿಗಾದರೂ ಬಿದ್ದಿದ್ದರೆ?

ಅವತ್ತೇ ಎಲ್ಲವನ್ನೂ ಒಂದು ರಟ್ಟಿನ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟೆ. ಬೆಸುಗೆ ಕಡ್ಡಿಯನ್ನೂ. ಅವನು ಒಂದು ಮಾತೂ ಆಡಲಿಲ್ಲ. ನಾಲ್ಕು ದಿನಕ್ಕೆ ಆ ಫೋನಿನ ಉಪಗ್ರಹ ಶ್ರೀಹರಿಕೋಟದಿಂದ ಹಾರಿದ ಸುದ್ದಿ ಬಂತು. ಪೇಪರನ್ನು ಅವನ ಮುಂದೆ ಇಟ್ಟೆ, ಅವನು ನೋಡಲಿಲ್ಲ.

ಆ ವಾರದ ಭಯ ನಿಜ. ಅದಕ್ಕೆ ನಾಚಿಕೆ ಇಲ್ಲ. ಆದರೆ ಭಯ ಒಂದು ತಿಂಗಳಿಗೆ ಇಳಿದಿತ್ತು. ಡಬ್ಬಿ ಮಾತ್ರ ಇಳಿಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು ಇಂಟರ್ ಕೋಚಿಂಗಿಗೆ ಎರಡು ವರ್ಷದ ಫೀಜು ಕಟ್ಟಿಯಾಗಿತ್ತು. ಬಾಂಬು ನನಗೊಂದು ನೆಪ ಆಯಿತು. ಇಂಜಿನಿಯರಿಂಗಿನಲ್ಲಿ ಅವನು ಒಂದು ಸಲ ಯಾವುದೋ ಉಪಗ್ರಹ ತಂಡಕ್ಕೆ ಸೇರುತ್ತೇನೆ ಅಂದಾಗ, "ಅದು ಹಾರದಿದ್ದರೆ ನಿನ್ನ ಎರಡು ವರ್ಷ ಹೋಯಿತಲ್ಲ, ಕ್ಯಾಂಪಸ್ ಇಂಟರ್‌ವ್ಯೂಗೆ ಏನು ತೋರಿಸ್ತೀಯ?" ಅಂದವನೂ ನಾನೇ. ಗ್ಯಾರಂಟಿ ಕೇಳಿದೆ! ಈಗ ಹೈಟೆಕ್ ಸಿಟಿಯಲ್ಲಿ ವಿಮೆ ಕಂಪನಿಯೊಂದರ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಾನೆ. ಒಳ್ಳೆಯ ಸಂಬಳ. ನಾನು ದೂರುವಂಥದ್ದೇನೂ ಇಲ್ಲ. ಅವನೂ ದೂರುವುದಿಲ್ಲ, ಅದೇ ಕಷ್ಟ.

ಸಾಲಗಳನ್ನು ನಾವು ಸ್ಟಾಂಡರ್ಡ್, ಸಬ್‌ಸ್ಟಾಂಡರ್ಡ್, ಡೌಟ್‌ಫುಲ್, ಲಾಸ್ ಅಂತ ವಿಂಗಡಿಸುತ್ತೇವೆ. ದಿಲ್‌ಸುಖ್‌ನಗರದ ಕಂಬ ಕಂಬಕ್ಕೂ ತೂಗುವ ರ‍್ಯಾಂಕಿನ ಬ್ಯಾನರುಗಳನ್ನು ನೋಡಿ, ಮಕ್ಕಳನ್ನೂ ಹಾಗೇ ವಿಂಗಡಿಸಿದ್ದೇವೆ. ಒಂದು ವ್ಯತ್ಯಾಸ ಉಂಟು. ಸಾಲಕ್ಕೆ ಪ್ರಾವಿಷನ್ ಇಡುತ್ತೇವೆ, ಮಕ್ಕಳ ಸೋಲಿಗೆ ಒಂದು ಪೈಸೆ ಪ್ರಾವಿಷನ್ ಇಡುವುದಿಲ್ಲ. ಇದನ್ನು ಚೆನ್ನಾಗಿ ಅರಿತವರು ಗ್ಯಾರಂಟಿ ಉಪಗ್ರಹದ ಕಿಟ್ಟು ಮಾರುತ್ತಾರೆ. ಅವರನ್ನಷ್ಟೇ ಬೈದರೆ ಏನು ಬಂತು, ಗಿರಾಕಿಗಳು ನಾವೇ.

ಸೋಲನ್ನು ಹೇಗೆ ನೋಡಬೇಕು ಅನ್ನೋದಕ್ಕೆ ಒಂದು ಉದಾಹರಣೆ. 2022ರ ಆಗಸ್ಟ್ 7ರಂದು ಇಸ್ರೋದ ಹೊಸ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಸಲ ಹಾರಿತು. ಅದರಲ್ಲಿ ಗ್ರಾಮೀಣ ಭಾಗದ 750 ಹುಡುಗಿಯರ ಕೈಕೆಲಸ ಸೇರಿದ್ದ ಆಜಾದಿಸ್ಯಾಟ್ ಇತ್ತು. ರಾಕೆಟ್ಟು ತಪ್ಪು ಕಕ್ಷೆಗೆ ಬಿಟ್ಟಿತು, ಉಪಗ್ರಹ ಹೋಯಿತು. ಇಸ್ರೋ ಕಾರಣ ಹುಡುಕಿ ಎಲ್ಲರಿಗೂ ತಿಳಿಸಿತು: ಎರಡನೇ ಹಂತ ಕಳಚುವಾಗಿನ ಅದುರುವಿಕೆಗೆ ಸೆನ್ಸರುಗಳ ಅಂಕಿ ಮಿತಿ ಮೀರಿತು, ಸೆನ್ಸರೇ ಕೆಟ್ಟಿದೆ ಅಂತ ರಾಕೆಟ್ಟಿನ ಸಾಫ್ಟ್‌ವೇರ್ ತೀರ್ಮಾನಿಸಿಬಿಟ್ಟಿತು. ಆರು ತಿಂಗಳಿಗೆ, 2023ರ ಫೆಬ್ರವರಿ 10ರಂದು, ಆಜಾದಿಸ್ಯಾಟ್-2 ಕಕ್ಷೆ ಸೇರಿತು. ಈ ಆರು ತಿಂಗಳಿದೆಯಲ್ಲ, ಅದೇ ನಿಜವಾದ ಪಾಠ. ಏಳು ಸಾವಿರದ ಕಾಗದದಲ್ಲಿ ಇಲ್ಲದ್ದೂ ಅದೇ.

ಸರಿ, ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಎಲ್ಲರೂ ಡಬ್ಬಿ ಕಳಿಸುತ್ತಾ ಹೋದರೆ ಮೇಲೆ ಕಸ ತುಂಬುವುದಿಲ್ಲವೇ? ತುಂಬುತ್ತದೆ. ತೀರಾ ಎತ್ತರಕ್ಕೆ ಹೋಗಿ ಸತ್ತ ಡಬ್ಬಿ ವರ್ಷಗಟ್ಟಲೆ ಅಲ್ಲೇ ಸುತ್ತುತ್ತದೆ. ಆದರೆ ಇದಕ್ಕೆ ದಾರಿ ಇಸ್ರೋವೇ ತೋರಿಸಿದೆ. ಪಿಎಸ್‌ಎಲ್‌ವಿಯ ಕೊನೆಯ ಹಂತ ಕೆಲಸ ಮುಗಿದ ಮೇಲೆ ಬರೀ ಹೆಣದಂತೆ ಸುತ್ತುತ್ತಿತ್ತು. 2022ರಿಂದ ಅದಕ್ಕೆ ಪೋಯಮ್ ಅಂತ ಹೆಸರಿಟ್ಟು, ಅದರ ಮೈಮೇಲೇ ಪ್ರಯೋಗಗಳನ್ನು ಬಿಗಿದು ನಡೆಸುತ್ತಾರೆ. 2024ರ ಜನವರಿ 1ರಂದು ಹೋದ ಪೋಯಮ್-3 ಅನ್ನು 350 ಕಿಲೋಮೀಟರಿಗೆ ಇಳಿಸಿದರು, ಮಾರ್ಚ್ 21ಕ್ಕೆ ಅದು ವಾತಾವರಣಕ್ಕೆ ಮರಳಿತು. 2024ರ ಡಿಸೆಂಬರ್ 30ರ ಪೋಯಮ್-4ರಲ್ಲಿ ಆರ್‌ವಿ ಕಾಲೇಜಿನ ಹುಡುಗರ ಸೂಕ್ಷ್ಮಜೀವಿಯ ಪ್ರಯೋಗ ಇತ್ತು, ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ ಹವ್ಯಾಸಿ ರೇಡಿಯೋ ಇತ್ತು. ಚಿಕ್ಕಬಳ್ಳಾಪುರ, ಸ್ವಾಮಿ! ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹಿಡಿದ ಹಾಗೆ. ಸ್ವಂತ ಮನೆಯೇ ಕಟ್ಟಬೇಕು ಅಂತಿಲ್ಲ.

ಹಾಗಾಗಿ ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇಂಥ ಕಾಗದ ತಂದರೆ ಹರಿದು ಹಾಕಬೇಡಿ, ಕಣ್ಣು ಮುಚ್ಚಿ ಸಹಿಯನ್ನೂ ಹಾಕಬೇಡಿ. ಶಾಲೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ. ಒಂದು, ಇದರ ಪ್ರೋಗ್ರಾಂ ಬರೆದವರು ಯಾರು, ಮಕ್ಕಳಾ ಅಂಗಡಿಯವನಾ? ಎರಡು, ಮಕ್ಕಳು ಇದನ್ನು ಬಿಚ್ಚಿ ಮತ್ತೆ ಕಟ್ಟಬಹುದಾ? ಮೂರು, ಹಾರಿದ ಮೇಲೆ ಅದರ ಸಿಗ್ನಲ್ ಮಕ್ಕಳ ಕಿವಿಗೆ ಬೀಳುತ್ತದಾ? ನಾಲ್ಕು, ಕೆಟ್ಟುಹೋದರೆ ಯಾಕೆ ಕೆಟ್ಟಿತು ಅಂತ ಮಕ್ಕಳ ಜೊತೆ ಕೂತು ಹುಡುಕುವವರು ಯಾರು? ನಾಲ್ಕನೆಯದಕ್ಕೆ ಉತ್ತರ ಇದ್ದರೆ ಸಾಲ ಮಾಡಿಯಾದರೂ ಕಟ್ಟಿ. ಇಲ್ಲದಿದ್ದರೆ ಆ ದುಡ್ಡಿಗೆ ಮಗುವನ್ನು ಕೋಠಿಗೆ ಕರೆದುಕೊಂಡು ಹೋಗಿ.

ನಾನು ಅದನ್ನೇ ಮಾಡಿದೆ. ಹುಡುಗನ ಅಪ್ಪನ ಒಪ್ಪಿಗೆ ಪಡೆದು ಕೋಠಿಗೆ ಹೋಗಿ ಪೆನ್‌ಡ್ರೈವಿನಷ್ಟು ದೊಡ್ಡ ಒಂದು ಟಿವಿ ರಿಸೀವರ್ ಡಾಂಗಲ್ ತಂದೆವು, ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಪೈಪು, ಸ್ಟೀಲ್ ಟೇಪು. ಅಟ್ಟದಿಂದ ಹಳೆಯ ಡಬ್ಬಿ ಇಳಿಸಿದೆ. ಬೆಸುಗೆ ಕಡ್ಡಿ ಇನ್ನೂ ಕಾಯುತ್ತದೆ! ಟೇಪಿನ ಆಂಟೆನಾ ಮಾಡಿ ಟೆರೇಸಿಗೆ ಹೋಗಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾಯುವ ಹೊತ್ತಿಗೆ ಅದರ ಹವ್ಯಾಸಿ ರೇಡಿಯೋದ 145.800 ಮೆಗಾಹರ್ಟ್ಸ್‌ಗೆ ಇಟ್ಟುಕೊಂಡು ಕಾದೆವು. ಹತ್ತು ನಿಮಿಷ ಬರೀ ಸುಯ್ ಅನ್ನುವ ಸದ್ದು. ಮಾರನೇ ದಿನವೂ ಅಷ್ಟೇ. ಮೂರನೇ ದಿನ ಹುಡುಗ ತಾನೇ ಬಿಚ್ಚಿ ನೋಡಿ, "ಅಂಕಲ್, ಇಲ್ಲಿ ಬೆಸುಗೆ ಬಿಟ್ಟಿದೆ" ಅಂತ ಓಡಿ ಬಂದ. ಆ ಮುಖ ನೀವು ನೋಡಬೇಕಿತ್ತು. ಯಾವ ಸರ್ಟಿಫಿಕೇಟಿನ ಫೋಟೋದಲ್ಲೂ ಆ ಮುಖ ಬರೋದಿಲ್ಲ.

ಇನ್ನೂ ಏನೂ ಕೇಳಿಸಿಲ್ಲ. ಈ ಭಾನುವಾರ ಮಗ ಬರುತ್ತಾನಂತೆ. ಬೆಸುಗೆ ಸರಿಯಾಗಿ ಹಾಕೋದು ಹೇಗೆ ಅಂತ ತೋರಿಸ್ತೀನಿ, ನೀವು ಕೈ ಹಾಕಬೇಡಿ ಅಪ್ಪ ಅಂತ ಫೋನಿನಲ್ಲೇ ತಾಕೀತು ಮಾಡಿದ್ದಾನೆ.

ನಿಮ್ಮ ಮನೆಯ ಅಟ್ಟದ ಮೇಲೆ ಇಂಥ ಡಬ್ಬಿ ಏನಾದರೂ ಇದೆಯಾ? ಇದ್ದರೆ ಇಳಿಸಿ. ಆಮೇಲೆ ಏನಾಯಿತು ಅಂತ ನನಗೂ ಒಂದು ಮಾತು ತಿಳಿಸಿ.